ಮುಸುಕುರಾಯನ ಸುಳಿ

ಸಿಡಿಲಣ್ಣನ ಅಪ್ಪ ಯಾರು ಎಂಬುದು ಓದುಗರಿಗೂ ಗೊತ್ತಿರಲಿಲ್ಲ, ಸಿಡಿಲಣ್ಣನಿಗೂ ಗೊತ್ತಿರಲಿಲ್ಲ. ಬರಿಗೈಯಲ್ಲಿ ಸಿಡಿಲು ಹಿಡಿದು, ಮಡಚಿ, ಸೊಂಟಕ್ಕೆ ಸಿಕ್ಕಿಸಿಕೊಳ್ಳುವ ಆ ಮಹಾವೀರನನ್ನು ಹಸುಗೂಸಾಗಿದ್ದಾಗ ಸೇತುವೆಯ ಕೆಳಗೆ ಬಟ್ಟೆಯಲ್ಲಿ ಸುತ್ತಿ ಇಟ್ಟುಹೋದವರು ಯಾರೆಂದು ಕಾಮಿಕ್ಸಿನ ಮೊದಲ ಸಂಚಿಕೆಯಿಂದಲೂ ಮಕ್ಕಳು ಕೇಳುತ್ತಿದ್ದರು. ಹಾಗೆ ಕೇಳಿದ ಮಕ್ಕಳು ಬೆಳೆದು ದೊಡ್ಡವರಾಗಿ, ಈಗ ಅವರ ಮಕ್ಕಳು ಕೇಳುವಂತಾಗಿತ್ತು. ಅವನನ್ನು ಬರೆಯುತ್ತಿದ್ದ ಪುಟ್ಟಿಯ ಅಪ್ಪ ಎಲ್ಲರಿಗೂ ಒಂದೇ ಉತ್ತರ ಕೊಡುತ್ತಿದ್ದರು: "ನೋಡೋಣ."

ಪುಟ್ಟಿ ಎಂದರೆ ಪುಟ್ಟ ಹುಡುಗಿಯೇನಲ್ಲ. ತಲೆಯಲ್ಲಿ ಒಂದೆರಡು ಬಿಳಿಕೂದಲು ಇಣುಕಿದ್ದವು, ನಕಾಶೆ ಬರೆಯುವ ಕಚೇರಿಯಲ್ಲಿ ಗೆರೆ ಎಳೆದು ಎಳೆದು ಬೆರಳಿಗೆ ಗಂಟು ಬಿದ್ದಿತ್ತು. ಆದರೆ ಮನೆಯಲ್ಲಿ ಒಮ್ಮೆ ಪುಟ್ಟಿಯಾದವಳು ಮುದುಕಿಯಾದರೂ ಪುಟ್ಟಿಯೇ. ಆ ಮನೆಯ ಮಹಡಿಯ ಕೋಣೆಯೇ ಸಿಡಿಲಣ್ಣನ ಕಾರ್ಖಾನೆ. ಅಪ್ಪ ಪೆನ್ಸಿಲ್ಲಿನಲ್ಲಿ ಚಿತ್ರ ಬರೆದುಕೊಟ್ಟರೆ, ಚಿಕ್ಕಪ್ಪ ಅದರ ಮೇಲೆ ಕುಂಚದಿಂದ ಶಾಯಿ ತುಂಬಿ, ಒಣಗಿದ ಮೇಲೆ ಕೆಳಗಿನ ಪೆನ್ಸಿಲ್ ಗೆರೆಗಳನ್ನು ರಬ್ಬರಿನಿಂದ ಅಳಿಸಿ ಪುಟ ಚೊಕ್ಕಟ ಮಾಡುತ್ತಿದ್ದರು. ಕೊನೆಗೆ ಅಮ್ಮ ತನ್ನ ದುಂಡು ಅಕ್ಷರದಲ್ಲಿ ಮಾತುಗಳನ್ನು ಬರೆಯುತ್ತಿದ್ದಳು. ಮೂವರೂ ಮನೆಯವರೇ ಆದ್ದರಿಂದ ಸಂಬಳದ ಜಗಳವಿಲ್ಲ ಎಂದು ಪ್ರಕಾಶಕರಿಗೆ ಬಹಳ ಸಂತೋಷ.

ಅಪ್ಪ ಮತ್ತು ಚಿಕ್ಕಪ್ಪ ಅವಳಿಗಳು. ಸ್ವಲ್ಪ ತಡವಾಗಿ ಹೊರಗೆ ಬಂದ ತಪ್ಪಿಗೆ ಒಬ್ಬರು ಜೀವಮಾನವಿಡೀ ಚಿಕ್ಕಪ್ಪನಾಗಿ ಉಳಿದರು. ಅದೇ ಮೂಗು, ಅದೇ ಗಲ್ಲ, ಕೆಮ್ಮಿದರೆ ಅದೇ ಕೆಮ್ಮು. ಗುರುತು ಹಿಡಿಯಲು ಇದ್ದದ್ದು ಹಣೆಯ ಮೇಲೆ ಕೂದಲು ಶುರುವಾಗುವಲ್ಲಿನ ಸುಳಿ ಒಂದೇ. ಅಪ್ಪನದು ಎಡಕ್ಕೆ, ಚಿಕ್ಕಪ್ಪನದು ಬಲಕ್ಕೆ. ಎಷ್ಟೇ ಎಣ್ಣೆ ಹಚ್ಚಿ ಬಾಚಿದರೂ ಆ ಜಾಗದ ಕೂದಲು ಹಟಮಾರಿಯಂತೆ ಎದ್ದು ನಿಲ್ಲುತ್ತಿತ್ತು. ಸ್ವಭಾವದಲ್ಲಿ ಮಾತ್ರ ಒಬ್ಬರು ಉತ್ತರ, ಇನ್ನೊಬ್ಬರು ದಕ್ಷಿಣ. ಅಪ್ಪ ಮಾತಿಗೆ ಬಡವರು. ಚಿಕ್ಕಪ್ಪ ಗೋಡೆಯ ಜೊತೆಗೂ ಹರಟೆ ಹೊಡೆಯುವವರು. ಪುಟ್ಟಿ ಅಪ್ಪನಿಗೆ 'ನೀವು' ಅನ್ನುತ್ತಿದ್ದಳು, ಚಿಕ್ಕಪ್ಪನಿಗೆ 'ನೀನು'. ಯಾರೂ ಹಾಗೆ ಹೇಳಿಕೊಟ್ಟಿರಲಿಲ್ಲ, ಅಭ್ಯಾಸವಾಗಿಬಿಟ್ಟಿತ್ತು.

ಆ ವರ್ಷ ಎರಡು ಸಂಗತಿಗಳು ಒಟ್ಟಿಗೆ ನಡೆದವು. ಒಂದು, ಚಿಕ್ಕಪ್ಪನ ಕಣ್ಣು ಹೋಯಿತು. ಪೊರೆ ಇರಬೇಕೆಂದು ಉದಾಸೀನ ಮಾಡಿದ್ದು, ನೋಡಿದರೆ ನರವೇ ಒಣಗಿತ್ತು. ಬೆಳಕು ಯಾವುದು, ಬಾಗಿಲು ಯಾವುದು ಎಂದು ತಿಳಿಯುವಷ್ಟು ಮಾತ್ರ ಉಳಿಯಿತು. ಕುಂಚ ಹಿಡಿಯಲು ಬೇರೆ ಯಾರೂ ಇಲ್ಲದೆ ಪುಟ್ಟಿ ಕಚೇರಿಗೆ ರಜೆ ಹಾಕಿ ಬಂದು ಅವರ ಕುರ್ಚಿಯಲ್ಲಿ ಕೂತಳು. ಇನ್ನೊಂದು, ಮನೆಯವರು 'ಅವಸರದಯ್ಯ' ಎಂದು ಕರೆಯುತ್ತಿದ್ದ ಪ್ರಕಾಶಕರು ಏದುಸಿರು ಬಿಡುತ್ತ ಮಹಡಿ ಹತ್ತಿ ಬಂದರು.

"ಸಾಕು ಸ್ವಾಮಿ, ಇನ್ನೆಷ್ಟು ದಿನ ನೋಡೋಣ ನೋಡೋಣ ಅಂತೀರಿ," ಎಂದರು ಅವರು. "ಈ ಸಲ ಮುಸುಕುರಾಯನ ಮುಸುಕು ತೆಗೀರಿ. ಅವನೇ ಸಿಡಿಲಣ್ಣನ ಅಪ್ಪ ಅಂತ ಮಾಡಿ."

ಮುಸುಕುರಾಯ ಸಿಡಿಲಣ್ಣನ ಪರಮಶತ್ರು. ನೆತ್ತಿಯಿಂದ ಗಲ್ಲದವರೆಗೆ ಕಪ್ಪು ಮುಸುಕು, ಎರಡು ಬಿಳಿ ಕಣ್ಣುತೂತು. ಅವನ ಮುಖವನ್ನು ಯಾವ ಸಂಚಿಕೆಯಲ್ಲೂ ಯಾರೂ ಕಂಡಿರಲಿಲ್ಲ.

"ಅದು ಎಲ್ಲರೂ ಮಾಡೋದೇ ಅಲ್ವಾ?" ಎಂದಳು ಪುಟ್ಟಿ.

"ಮಾಡ್ತಾರೆ, ಯಾಕಂದ್ರೆ ಓಡುತ್ತೆ. ನೆಟ್ಟಗೆ ಅಪ್ಪ ಅಮ್ಮ ಇರೋ ಮನೇಲಿ ಹೀರೋ ಹುಟ್ಟಿದ್ದು ನೋಡಿದೀಯಾ ನೀನು? ಒಂದೋ ಅನಾಥ, ಇಲ್ಲಾ ಬೇರೆ ಗ್ರಹದೋನು, ಇಲ್ಲಾ ವೈರಿ ಮಗ. ಅಪ್ಪ ಯಾರು ಅಂತ ಗೊತ್ತಿದ್ರೆ ಅವನು ಯಾಕಮ್ಮಾ ಮಾಳಿಗೆಯಿಂದ ಮಾಳಿಗೆಗೆ ಹಾರ್ತಾನೆ, ಮನೇಲಿ ಊಟ ಮಾಡ್ಕೊಂಡು ಮಲಗಲ್ವಾ?"

ಪುಟ್ಟಿ ನಕ್ಕಳು. ಅಪ್ಪನೂ ನಕ್ಕರು. ಅಪ್ಪ ನಗುವುದು ಅಪರೂಪ, ಆದ್ದರಿಂದ ಅವಳಿಗೆ ಅದು ನೆನಪಿನಲ್ಲಿ ಉಳಿಯಿತು. "ಆಗಲಿ," ಎಂದರು ಅಪ್ಪ. "ತೆಗೆಯೋಣ."

ಮೂಲೆಯಲ್ಲಿ ಕೂತಿದ್ದ ಚಿಕ್ಕಪ್ಪನ ಕೈಯಿಂದ ಚಹದ ಲೋಟ ಜಾರಿ ನೆಲಕ್ಕೆ ಬಿತ್ತು. ಕಣ್ಣಿಲ್ಲದವರ ಕೈ ಜಾರುವುದು ಸಹಜವೆಂದು ಎಲ್ಲರೂ ಅಂದುಕೊಂಡರು.

ಅವಸರದಯ್ಯ ಇಳಿದುಹೋದ ಮೇಲೆ ಚಿಕ್ಕಪ್ಪ ಪುಟ್ಟಿಯನ್ನು ಹತ್ತಿರ ಕರೆದು ಕೆಲಸದ ಗುಟ್ಟುಗಳನ್ನು ಹೇಳಿಕೊಟ್ಟರು. ಕುಂಚವನ್ನು ಎಷ್ಟು ಅದ್ದಬೇಕು, ಉಸಿರು ಎಲ್ಲಿ ಹಿಡಿಯಬೇಕು, ಒಣಗಿದೆಯೋ ಇಲ್ಲವೋ ಎಂದು ಹೆಬ್ಬೆರಳಿನಿಂದ ಹೇಗೆ ನೋಡಬೇಕು. ಶಾಯಿ ಬೀಳುವ ಮುಂಚೆ ಏನನ್ನು ಬೇಕಾದರೂ ಅಳಿಸಬಹುದು, ಶಾಯಿ ಬಿದ್ದ ಮೇಲೆ ಅದರ ಕೆಳಗೆ ಸಿಕ್ಕಿಕೊಂಡ ಪೆನ್ಸಿಲ್ ಗೆರೆಯನ್ನು ಬ್ರಹ್ಮ ಬಂದರೂ ಅಳಿಸಲಾರ. ಕೊನೆಗೆ ದನಿ ತಗ್ಗಿಸಿ ಅಂದರು: "ಮುಸುಕುರಾಯನ ಪುಟ ಬಂದ್ರೆ ಮೊದಲು ಮುಸುಕು ತುಂಬಿಬಿಡು. ಆಮೇಲೆ ಮಿಕ್ಕಿದ್ದು. ಕೆಳಗೆ ಏನಿದೆ ಅಂತ ನೋಡ್ತಾ ಕೂರಬೇಡ."

"ಕೆಳಗೆ ಏನಿರುತ್ತೆ?"

"ಏನಿಲ್ಲ. ಗೆರೆ." ಅವರು ರಬ್ಬರನ್ನು ಅವಳ ಕೈಗೆ ಕೊಡಲಿಲ್ಲ. ಎಂದಿನಂತೆ ತಮ್ಮ ಜೇಬಿಗೆ ಹಾಕಿಕೊಂಡರು. "ಅಳಿಸೋದು ಮಾತ್ರ ನಾನೇ. ಅದಕ್ಕೆ ಕಣ್ಣು ಬೇಕಾಗಿಲ್ಲ."

ಚಿಕ್ಕಂದಿನಲ್ಲಿ ಪುಟ್ಟಿಗೆ ಅಳಿಸುವುದೆಂದರೆ ಪ್ರಾಣ. ರಬ್ಬರಿನ ಪುಡಿಯನ್ನು ಊದಿ ಹಾರಿಸಲು ಓಡಿಬರುತ್ತಿದ್ದಳು. ಸಿಡಿಲಣ್ಣನ ಪುಟಗಳನ್ನೆಲ್ಲ ಚಿಕ್ಕಪ್ಪ ಅವಳಿಗೆ ಬಿಟ್ಟುಕೊಡುತ್ತಿದ್ದರು. ಮುಸುಕುರಾಯ ಇರುವ ಪುಟವನ್ನು ಮಾತ್ರ ಒಂದು ಸಲವೂ ಕೊಟ್ಟಿರಲಿಲ್ಲ. ಅತ್ತು ಕರೆದರೂ ಕೊಟ್ಟಿರಲಿಲ್ಲ.

ನೋಡಬೇಡ ಎಂದರೆ ನೋಡದೆ ಇರುವ ಕಣ್ಣು ಯಾರಿಗಿದೆ? ಮಾರನೆಯ ದಿನ ಅಪ್ಪ ಕೊಟ್ಟ ಪುಟದಲ್ಲಿ ಮುಸುಕುರಾಯ ಗಡಿಯಾರದ ಗೋಪುರದ ಮೇಲೆ ನಿಂತಿದ್ದ. ಪುಟ್ಟಿ ದೀಪವನ್ನು ಹತ್ತಿರ ಎಳೆದುಕೊಂಡು ನೋಡಿದಳು. ಅಪ್ಪನ ಪದ್ಧತಿ ಅವಳಿಗೆ ಗೊತ್ತು. ಒಳಗೆ ಮೈಯಿಲ್ಲದೆ ಬಟ್ಟೆ ಕೂರುವುದಿಲ್ಲ, ಒಳಗೆ ಮುಖವಿಲ್ಲದೆ ಮುಸುಕು ಕೂರುವುದಿಲ್ಲ ಎಂದು ಅವರು ಮೊದಲು ಇಡೀ ಮುಖವನ್ನು ತೆಳುವಾಗಿ ಬರೆದು, ಆಮೇಲೆ ಅದರ ಮೇಲೆ ಮುಸುಕಿನ ಗೆರೆ ಎಳೆಯುತ್ತಿದ್ದರು. ಈಗ ಆ ತೆಳು ಗೆರೆಗಳೊಳಗಿಂದ ಒಂದು ಮುಖ ಅವಳನ್ನೇ ನೋಡುತ್ತಿತ್ತು. ಮೂಗು, ಗಲ್ಲ, ದಪ್ಪ ಹುಬ್ಬು. ಹಣೆಯ ಬಲಗಡೆ, ಕೂದಲು ಶುರುವಾಗುವಲ್ಲಿ, ಪೆನ್ಸಿಲ್ಲನ್ನು ಎರಡು ಸುತ್ತು ತಿರುಗಿಸಿ ಬರೆದ ಒಂದು ಸುಳಿ.

ಚಿಕ್ಕಪ್ಪ.

ಮುಂದಿನ ಪುಟಗಳನ್ನು ಮಗುಚಿದಳು. ಮುಸುಕುರಾಯ ಓಡುತ್ತಿದ್ದರೂ, ಬೀಳುತ್ತಿದ್ದರೂ, ದೂರದ ಕಿಟಕಿಯಲ್ಲಿ ಹೆಬ್ಬೆರಳಿನಷ್ಟು ಚಿಕ್ಕದಾಗಿ ಕಾಣುತ್ತಿದ್ದರೂ ಕೆಳಗೆ ಅದೇ ಮುಖ, ಬಲಕ್ಕೆ ಅದೇ ಸುಳಿ. ಅಪ್ಪ ತಿಂಗಳು ತಿಂಗಳೂ ತಮ್ಮನ ಮುಖವನ್ನು ಖಳನ ಮುಸುಕಿನ ಕೆಳಗೆ ಬರೆದು ಅದೇ ತಮ್ಮನ ಕೈಗೆ ಕೊಡುತ್ತಿದ್ದರು. ಚಿಕ್ಕಪ್ಪ ತಮ್ಮ ಮುಖದ ಮೇಲೆ ತಾವೇ ಕಪ್ಪು ಬಳಿದು, ಉಳಿದದ್ದನ್ನು ತಾವೇ ಉಜ್ಜಿ ಅಳಿಸುತ್ತಿದ್ದರು. ಆಮೇಲೆ ಇಬ್ಬರೂ ಕೆಳಗಿಳಿದು ಒಟ್ಟಿಗೆ ಕೂತು ಊಟ ಮಾಡುತ್ತಿದ್ದರು. ಇಷ್ಟು ವರ್ಷ.

ಯಾಕೆ ಎಂಬ ಪ್ರಶ್ನೆ ಅವಳ ತಲೆಗೆ ಬರುವ ಮೊದಲೇ ಉತ್ತರ ಬಂದು ಕೂತಿತ್ತು. ಮುಸುಕುರಾಯ ಯಾರ ಅಪ್ಪ ಎಂದು ತಾನೇ ಅವಸರದಯ್ಯ ಹೇಳಿಹೋದದ್ದು? ಈ ಮನೆಯಲ್ಲಿ ಹುಟ್ಟಿದ ಮಗು ಅವಳೊಬ್ಬಳೇ.

ಅವಳು ಬಚ್ಚಲುಮನೆಯ ಕನ್ನಡಿಯ ಮುಂದೆ ನಿಂತಳು. ಬುದ್ಧಿ ಬಂದಾಗಿನಿಂದ ಅವಳ ಹಣೆಯ ಮೇಲೆ ಕತ್ತರಿಸಿ ಇಳಿಬಿಟ್ಟ ಕೂದಲಿತ್ತು. ಕತ್ತರಿಸುತ್ತಿದ್ದವಳು ಅಮ್ಮ, ಬೇರೆಯವರಿಗೆ ಬಿಡುತ್ತಿರಲಿಲ್ಲ. ಪುಟ್ಟಿ ಅದನ್ನು ಎರಡೂ ಕೈಯಿಂದ ಮೇಲೆತ್ತಿದಳು. ಬಲಗಡೆ ಕೂದಲು ಒಂದು ಸುತ್ತು ತಿರುಗಿ ಎದ್ದು ನಿಂತಿತ್ತು. ಸುಳಿ ಸಾಕ್ಷಿ ಹೇಳುವುದಿಲ್ಲ, ಅಪ್ಪನ ಸುಳಿಯೇ ಮಗಳಿಗೆ ಬರಬೇಕೆಂದು ಎಲ್ಲಿಯೂ ಬರೆದಿಲ್ಲ ಎಂದು ತನಗೆ ತಾನೇ ಹೇಳಿಕೊಂಡಳು. ಬುದ್ಧಿ ಒಪ್ಪಿತು, ಕೈ ಮಾತ್ರ ಕೂದಲನ್ನು ಕೆಳಗೆ ಬಿಡಲಿಲ್ಲ.

ಮಧ್ಯಾಹ್ನ ಊಟಕ್ಕೆ ಕೂತಾಗ ಅವಳು ಕೂದಲನ್ನು ಹಿಂದಕ್ಕೆ ಬಾಚಿ ಪಿನ್ನು ಹಾಕಿದ್ದಳು. ಬಡಿಸುತ್ತಿದ್ದ ಅಮ್ಮನ ಕೈ ನಿಂತಿತು. ಸೌಟನ್ನು ಕೆಳಗಿಟ್ಟು ಬಂದು, ಏನೂ ಆಗದವಳಂತೆ ಪಿನ್ನು ತೆಗೆದು, ಕೂದಲನ್ನು ಮತ್ತೆ ಹಣೆಯ ಮೇಲೆ ಎಳೆದು ಸವರಿದಳು.

"ಹೀಗೇ ಇರಲಿ. ಹೀಗೇ ಚೆಂದ," ಎಂದಳು. ಬಿಸಿ ಪಾತ್ರೆ ಹಿಡಿದಿದ್ದ ಕೈ ಹಣೆಗೆ ತಾಗಿದಾಗ ಮಂಜಿನಂತೆ ತಣ್ಣಗಿತ್ತು. ಮೇಜಿನ ಆಚೆ ಅಪ್ಪ ತಲೆ ಬಗ್ಗಿಸಿ ಉಣ್ಣುತ್ತಿದ್ದರು. ಪುಟ್ಟಿ ಅನ್ನವನ್ನು ತಟ್ಟೆಯ ಅಂಚಿಗೆ ಸರಿಸಿದಳು.

ಊಟವಾದ ಮೇಲೆ ಮೆಟ್ಟಿಲ ಕೆಳಗಿನ ಚಿಕ್ಕಪ್ಪನ ಕೋಣೆಗೆ ಹೋದಳು. ಅವರು ಮಂಚದ ತುದಿಯಲ್ಲಿ ಕೂತು ರೇಡಿಯೊ ಕೇಳುತ್ತಿದ್ದರು. ಅವಳು ಬಾಗಿಲು ಮುಂದೆ ಮಾಡಿದಳು.

"ಮುಸುಕಿನ ಕೆಳಗಿರೋದು ನಿನ್ನ ಮುಖ ಅಲ್ವಾ ಚಿಕ್ಕಪ್ಪ?"

ಅವರು ರೇಡಿಯೊ ನಿಲ್ಲಿಸಲಿಲ್ಲ, ದನಿ ಇನ್ನೂ ಹೆಚ್ಚು ಮಾಡಿದರು. ಹೊರಗೆ ಕೇಳಿಸದಿರಲೆಂದು. "ನೋಡಿಬಿಟ್ಯಾ," ಎಂದರು.

ಗೋಡೆಯ ಜೊತೆಗೂ ಹರಟುವ ಮನುಷ್ಯ ಆ ದಿನ ಒಂದೊಂದು ಪದವನ್ನೂ ಕಡ ತಂದವರಂತೆ ಹೇಳಿದರು. ಅಪ್ಪ ಆಗಿನ್ನೂ ಹೊಸದಾಗಿ ಮದುವೆಯಾದವರು. ದೂರದ ಅಚ್ಚುಕೂಟದಲ್ಲಿ ಕೆಲಸ ಕಲಿಯಲು ಹೋಗಿ ತಿಂಗಳುಗಟ್ಟಲೆ ಬರಲಿಲ್ಲ. ಮನೆಯಲ್ಲಿ ಅಮ್ಮ, ಚಿಕ್ಕಪ್ಪ ಇಬ್ಬರೇ. "ಅವಳ ತಪ್ಪಲ್ಲ. ನನ್ನ ತಪ್ಪು. ಇಬ್ಬರದೂ ಅಂತಾನೇ ಇಟ್ಕೋ." ಅಪ್ಪ ಬಂದರು. ಬಂದ ಮೇಲೆ ಪುಟ್ಟಿ ಹುಟ್ಟಿದಳು. ಅವಳಿಗೆ ಹಲ್ಲು ಬರುವ ಹೊತ್ತಿಗೆ ಸಿಡಿಲಣ್ಣನ ಕಾಮಿಕ್ಸ್ ಶುರುವಾಯಿತು.

"ಮುಸುಕುರಾಯನ ಮೊದಲನೇ ಪುಟ ನನ್ನ ಮುಂದೆ ಇಟ್ಟ. ನೋಡ್ತೀನಿ, ನಾನು. ಅಣ್ಣ ಎದುರಿಗೇ ನಿಂತಿದ್ದ. 'ಶಾಯಿ ತುಂಬು' ಅಂದ. ತುಂಬಿದೆ. ಅವತ್ತಿಂದ ನಿಮ್ಮಮ್ಮನ ಜೊತೆ ಒಬ್ಬನೇ ಒಂದು ಕೋಣೇಲಿ ನಿಂತಿಲ್ಲ ನಾನು. ಅವನು ಒಂದು ಮಾತು ಬೈಲಿಲ್ಲ ಪುಟ್ಟಿ, ಬೈದಿದ್ರೆ ಬದುಕಿಬಿಡ್ತಿದ್ದೆ. ತಿಂಗಳಿಗೊಂದು ಸಲ ನನ್ನ ಮುಖ ನನಗೇ ಕಳಿಸಿದ."

"ನಾನು ಯಾರ ಮಗಳು?" ಎಂದಳು ಪುಟ್ಟಿ.

"ನನಗೂ ಗೊತ್ತಿಲ್ಲ. ನಿಮ್ಮಮ್ಮನಿಗೂ ಗೊತ್ತಿಲ್ಲ. ಲೆಕ್ಕ ಹಾಕಿದ್ರೆ ಎರಡೂ ಕಡೆ ಬರುತ್ತೆ. ಡಾಕ್ಟರಿಗೆ ತೋರಿಸಿದ್ರೂ ಅಷ್ಟೆ. ಅವಳಿಗಳ ರಕ್ತ ಒಂದೇ." ಅವರು ಕುರುಡುಗಣ್ಣನ್ನು ಅವಳ ದನಿಯ ಕಡೆ ತಿರುಗಿಸಿದರು. "ಈಗ ಮುಸುಕು ತೆಗೀತೀನಿ ಅಂದ್ನಲ್ಲ, ಕೇಳಿದ್ಯಲ್ಲ. ಆ ಮುಖ ಅಚ್ಚಾಗಿ ಹೊರಗೆ ಬಂದ ದಿನ ನಾನು ಈ ಮನೇಲಿ ಇರಲ್ಲ. ಗೋಡೆ ಹಿಡ್ಕೊಂಡು ಎಲ್ಲಾದರೂ ಹೋಗ್ತೀನಿ. ನಿಮ್ಮಮ್ಮ ಏನು ಮಾಡ್ಕೊಳ್ತಾಳೋ, ಅದೇ ನನಗೆ ಭಯ."

ಪುಟ್ಟಿಗೆ ಅಮ್ಮನ ತಣ್ಣನೆಯ ಕೈ ನೆನಪಾಯಿತು.

ಅಂದಿನಿಂದ ಆ ಮನೆಯಲ್ಲಿ ಪ್ರತಿಯೊಂದು ಸದ್ದೂ ಅವಳನ್ನು ಬೆಚ್ಚಿಬೀಳಿಸಿತು. ಮಹಡಿಯಲ್ಲಿ ಅಪ್ಪನ ಪೆನ್ಸಿಲ್ ಕರಕರ ಎಂದರೆ ಮುಖ ಎಷ್ಟು ಮುಗಿಯಿತೋ ಎಂದು ಎಣಿಸುವಳು. ಅಪ್ಪ ಕೆಮ್ಮಿದರೆ ಕೆಮ್ಮಿದವರು ಯಾರೆಂದು ತಿಳಿಯದೆ ತಿರುಗಿ ನೋಡುವಳು. ಅವಳಿಗೆ ಅಪ್ಪನೆಂದರೆ ಅಂಥ ಸಲುಗೆ ಯಾವತ್ತೂ ಇರಲಿಲ್ಲ, ನಿಜ. ಆದರೆ ಜ್ವರ ಬಂದಾಗ ರಾತ್ರಿಯೆಲ್ಲ ಮಾತಿಲ್ಲದೆ ಪಕ್ಕದಲ್ಲಿ ಕೂತಿದ್ದವರು ಆ ಮನುಷ್ಯ. ಅವರು ತನ್ನನ್ನು ನೋಡಿದಾಗಲೆಲ್ಲ ಏನನ್ನು ನೋಡುತ್ತಿದ್ದರು ಎಂಬ ಪ್ರಶ್ನೆ ಅವಳನ್ನು ಹಿಂಡಿತು. ಇವರು ನನ್ನ ಅಪ್ಪನಾಗಿಯೇ ಉಳಿಯಲಿ, ಇನ್ನೇನೂ ಬೇಡ ಎಂದು ಮನಸ್ಸಿನಲ್ಲೇ ಬೇಡಿಕೊಂಡಳು.

ಕೊನೆಗೆ ತಡೆಯಲಾರದೆ, ಕುಂಚ ತೊಳೆಯುವ ನೆಪದಲ್ಲಿ ಬೆನ್ನು ತಿರುಗಿಸಿಕೊಂಡು ಕೇಳಿದಳು. "ಅಪ್ಪ, ಮುಸುಕುರಾಯನ ಮುಖಕ್ಕೆ ಮಾದರಿ ಯಾರು?"

ಪೆನ್ಸಿಲ್ಲಿನ ಸದ್ದು ಒಂದು ಗಳಿಗೆ ನಿಂತಿತು.

"ನಾನೇ," ಎಂದರು ಅಪ್ಪ. ಮೇಜಿಗೆ ತಿರುಪು ಹಾಕಿ ಕೂರಿಸಿದ್ದ ದುಂಡು ಕನ್ನಡಿಯ ಕಡೆ ಗಲ್ಲ ತೋರಿಸಿದರು. "ಕನ್ನಡಿ ನೋಡ್ಕೊಂಡು ಬರೆದದ್ದು. ಖಳನಾಗೋಕೆ ಬೇರೆ ಯಾರು ಬಂದು ಕೂರ್ತಾರೆ ಹೇಳು."

ಪೆನ್ಸಿಲ್ ಮತ್ತೆ ಕರಕರ ಎಂದಿತು. ಪುಟ್ಟಿ ಒದ್ದೆ ಕುಂಚ ಹಿಡಿದು ಹಾಗೇ ನಿಂತಳು. ಕನ್ನಡಿ! ಎಡಕ್ಕೆ ಸುಳಿ ಇರುವವನು ಕನ್ನಡಿಯ ಮುಂದೆ ಕೂತು ಕಂಡದ್ದನ್ನು ಕಂಡ ಹಾಗೇ ಬರೆದರೆ, ಹಾಳೆಯ ಮೇಲಿನ ಮನುಷ್ಯನಿಗೆ ಸುಳಿ ಬಲಕ್ಕೆ ಬರುತ್ತದೆ. ಅಪ್ಪ ಹೊರಗೆ ಹೋದ ಕೂಡಲೇ ಒಂದು ಪುಟವನ್ನು ಕಿಟಕಿಯ ಗಾಜಿಗೆ ಒತ್ತಿ ಹಿಂಬದಿಯಿಂದ ನೋಡಿದಳು. ತಿರುವುಮುರುವಾದ ಆ ಮುಖದಲ್ಲಿ ಸುಳಿ ಎಡಕ್ಕಿತ್ತು. ಅದು ಅಪ್ಪ, ಬೇರೆ ಯಾರೂ ಅಲ್ಲ. ಪಾಪ, ಏನೂ ಅರಿಯದ ಅಪ್ಪ.

ಅವಳು ಅಲ್ಲೇ ಕುಸಿದು ಕೂತು ಬಾಯಿಗೆ ಸೆರಗೊತ್ತಿ ಅತ್ತಳು. ಅಪ್ಪನಿಗೆ ಏನೂ ಗೊತ್ತಿಲ್ಲ. ಅವರು ಮುಗ್ಧವಾಗಿ ತಮ್ಮ ಮುಖವನ್ನೇ ಬರೆದುಕೊಂಡು ಬಂದಿದ್ದಾರೆ. ಚಿಕ್ಕಪ್ಪ ತಮ್ಮ ಪಾಪದ ಕಣ್ಣಿನಿಂದ ನೋಡಿ ಅದನ್ನು ತಮ್ಮ ಮುಖ ಅಂದುಕೊಂಡು, ಸುಮ್ಮನೆ ಇಷ್ಟು ವರ್ಷ ಬೆಂದಿದ್ದಾರೆ. ಅಳು ನಿಂತ ಮೇಲೆ ಬೇರೊಂದು ಭಯ ಎದ್ದಿತು. ಗೊತ್ತಿಲ್ಲದ ಮನುಷ್ಯನಿಗೆ ಗೊತ್ತಾಗಬಾರದು. ಆ ಮುಖ ಹಾಗೇ ಅಚ್ಚಾದರೆ ಕಂಡವರೆಲ್ಲ 'ಇದೇನು, ನಿಮ್ಮ ತಮ್ಮನನ್ನೇ ಖಳ ಮಾಡಿದ್ದೀರಿ' ಎಂದು ನಗುತ್ತ ಕೇಳುತ್ತಾರೆ. ಅದು ಚಿಕ್ಕಪ್ಪನ ಕಿವಿಗೆ ಬೀಳುತ್ತದೆ. ಅವರು ಗೋಡೆ ಹಿಡಿದುಕೊಂಡು ಹೊರಟರೆ ಅಪ್ಪ ಯಾಕೆ ಎಂದು ಕೇಳದೆ ಇರುತ್ತಾರೆಯೇ?

ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಅವಳಿಗೆ ಉಪಾಯ ಹೊಳೆಯಿತು. ಶಾಯಿ ತುಂಬುವವಳು ಅವಳೇ. ಒಂದು ಸುಳಿಯನ್ನು ಆ ಕಡೆಯಿಂದ ಈ ಕಡೆಗೆ ಹಾಕಿದರೆ ಮುಗಿಯಿತು. ಮುಖ ಅಪ್ಪನದಾಗುತ್ತದೆ. ಅಮ್ಮ ನೋಡಿ ನಿಟ್ಟುಸಿರು ಬಿಡುತ್ತಾಳೆ, ಚಿಕ್ಕಪ್ಪನ ಕಿವಿಯಲ್ಲಿ ಪುಟ್ಟಿಯೇ ಹೇಳಿದರಾಯಿತು. ಅಪ್ಪ ಗಮನಿಸುವುದೂ ಇಲ್ಲ.

ಇಲ್ಲಿ ಅವಳು ಒಂದನ್ನು ಮರೆತಳು. ಚಿಕ್ಕವಳಾಗಿದ್ದಾಗ ಅವಳೇ ಬೆರಗಾಗಿ ನೋಡಿದ್ದ ಸಂಗತಿ. ಅಪ್ಪನ ಬಲಗೈಯಲ್ಲಿ ಸದಾ ಪೆನ್ಸಿಲ್ ಇರುತ್ತಿತ್ತು, ಮಾದರಿಗೆ ಸಿಗುತ್ತಿದ್ದುದು ಎಡಗೈ ಒಂದೇ. ಅದಕ್ಕೆ ಅವರು ಎಡಗೈ ಮುಷ್ಟಿಯನ್ನು ಆ ದುಂಡು ಕನ್ನಡಿಗೆ ಹಿಡಿದು, ಕನ್ನಡಿಯಲ್ಲಿ ಬಲಗೈಯಾಗಿ ಕಂಡದ್ದನ್ನು ನೋಡಿ ಸಿಡಿಲಣ್ಣನ ಬಲಮುಷ್ಟಿ ಬರೆಯುತ್ತಿದ್ದರು. ಎಡವನ್ನು ಬಲ ಮಾಡಿ, ಬಲವನ್ನು ಎಡ ಮಾಡಿ ಅನ್ನ ತಿಂದ ಮನುಷ್ಯ. ಹೆದರಿದವರಿಗೆ ಬೇಕಾದ ಹೊತ್ತಿಗೆ ಬೇಕಾದದ್ದು ನೆನಪಿಗೆ ಬರುವುದಿಲ್ಲ.

ಕೊನೆಯ ಪುಟ ಬಂತು. ಮುರಿದ ಗೋಪುರದ ಮೇಲೆ ಸಿಡಿಲಣ್ಣ ಮಂಡಿಯೂರಿದ್ದ. ಎದುರಿಗೆ ಮುಸುಕುರಾಯ ತನ್ನ ಮುಸುಕನ್ನು ಕೈಯಲ್ಲಿ ಹಿಡಿದು ನಿಂತಿದ್ದ. ಪುಟದ ಅರ್ಧ ಭಾಗ ಅವನ ಮುಖವೇ. ಪೆನ್ಸಿಲ್ಲಿನಲ್ಲಿ ಸುಳಿ ಬಲಕ್ಕಿತ್ತು. ಪುಟ್ಟಿ ಉಸಿರು ಬಿಗಿಹಿಡಿದು ಕುಂಚ ಅದ್ದಿದಳು. ಹುಬ್ಬು, ಮೂಗು, ಗಲ್ಲ ತುಂಬಿದಳು. ಬಲಗಡೆ ಕೂದಲನ್ನು ನೆಟ್ಟಗೆ ಮಲಗಿಸಿದಳು. ಎಡಗಡೆ, ಎರಡು ಸುತ್ತು, ಸುಳಿ ಎಬ್ಬಿಸಿದಳು. ಮುಗಿದ ಮೇಲೆ ಬೆನ್ನು ನೆಟ್ಟಗಾಯಿತು. ಎಷ್ಟೋ ದಿನದ ಮೇಲೆ ಹಸಿವಾಯಿತು.

ಅಪ್ಪ ಬಂದು ಹಿಂದೆ ನಿಂತರು.

"ಸುಳಿ ಎಡಕ್ಕೆ ಹಾಕಿದೀಯ," ಎಂದರು.

"ಹೌದು ಅಪ್ಪ. ನೀವು ಕನ್ನಡಿ ನೋಡಿ ಬರೆದದ್ದಲ್ವಾ, ತಿರುವುಮುರುವಾಗಿತ್ತು. ಸರಿ ಮಾಡಿದೆ." ಮೊದಲೇ ಬಾಯಿಪಾಠ ಮಾಡಿಟ್ಟುಕೊಂಡಿದ್ದ ಮಾತು, ಸರಾಗವಾಗಿ ಬಂತು.

ಅಪ್ಪ ಕುರ್ಚಿ ಎಳೆದು ಅವಳ ಪಕ್ಕದಲ್ಲಿ ಕೂತರು. ಎಡಗೈಯನ್ನು ಮುಷ್ಟಿ ಮಾಡಿ ಕನ್ನಡಿಗೆ ಹಿಡಿದರು. ಕನ್ನಡಿಯೊಳಗೆ ಸಿಡಿಲಣ್ಣನ ಬಲಮುಷ್ಟಿ ಕಂಡಿತು. ಪುಟ್ಟಿಗೆ ಆಗ ನೆನಪಾಯಿತು.

"ಕನ್ನಡಿ ಏನು ಮಾಡುತ್ತೆ ಅಂತ ನನಗೆ ಗೊತ್ತಿಲ್ವಾ ಮಗಳೇ?" ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಅದೇ ಭಯಂಕರವಾಗಿತ್ತು. "ನನ್ನ ಸುಳಿ ಎಡಕ್ಕೇ ಬರಬೇಕು ಅಂದ್ರೆ ಎಡಕ್ಕೇ ಬರೀತೀನಿ ನಾನು. ಬಲಕ್ಕೆ ಬರೆದದ್ದು ಬಲಕ್ಕೇ ಅಂತ."

ಪುಟ್ಟಿ ಕುಂಚವನ್ನು ಕೆಳಗಿಟ್ಟಳು.

"ನನಗೆ ಗೊತ್ತಿರಲಿಲ್ಲ. ಅನುಮಾನ ಇತ್ತು. ಬಾಯಿಬಿಟ್ಟು ಕೇಳಿದ್ರೆ ಎಲ್ಲಿ ಹೌದು ಅಂದುಬಿಡ್ತಾರೋ ಅಂತ ಭಯ. ಅದಕ್ಕೇ ಬರೆದು ಕೇಳಿದೆ. ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಳ್ತಾನಲ್ಲ, ನೋಡೋಣ ಅಂತ. ಅವನು ಒಂದು ಸಲಾನೂ ಮುಟ್ಟಿ ನೋಡ್ಕೊಳ್ಳಲಿಲ್ಲ. ತಿಂಗಳು ತಿಂಗಳು ಕೊಟ್ಟೆ, ಶಾಯಿ ತುಂಬಿದ, ಅಳಿಸಿದ. ಏನೂ ಇಲ್ಲದೆ ಇದ್ರೂ ಇರಬಹುದು, ನನ್ನ ತಲೆಯೇ ಕೆಟ್ಟಿರಬಹುದು ಅಂದ್ಕೊಂಡು ಬದುಕಿದೆ. ಹಾಗೆ ಬದುಕಬಹುದು ಪುಟ್ಟಿ, ಕಷ್ಟ ಏನಿಲ್ಲ." ಅವರು ಹಾಳೆಯ ಮೇಲಿನ ಸುಳಿಯನ್ನು ನೋಡಿದರು. "ಈಗ ನೀನು ಮುಟ್ಟಿ ನೋಡ್ಕೊಂಡೆ. ಅವನು ಹೇಳಿದ್ದಾನೆ ನಿನಗೆ."

ಕಾಪಾಡಲು ಹೋದ ಕೈಯೇ ಕೊಂದಿತ್ತು. ಪುಟ್ಟಿಗೆ ತನ್ನ ಬೆರಳುಗಳನ್ನು ನೋಡಲು ಹೆದರಿಕೆಯಾಯಿತು. ಸುಳ್ಳು ಹೇಳಬೇಕೆಂದು ತಡಕಾಡಿದಳು. ಸಿಕ್ಕಿದ್ದು ನಿಜ ಮಾತ್ರ. "ಯಾರ ಮಗಳು ಅಂತ ಚಿಕ್ಕಪ್ಪನಿಗೂ ಗೊತ್ತಿಲ್ಲ ಅಪ್ಪ. ಅಮ್ಮನಿಗೂ ಗೊತ್ತಿಲ್ಲ."

ಅಪ್ಪ ನಿಜವಾಗಿಯೂ ಆಶ್ಚರ್ಯಪಟ್ಟು ಅವಳ ಕಡೆ ತಿರುಗಿದರು.

"ಅದನ್ನ ಯಾರು ಕೇಳಿದ್ರು?" ಎಂದರು. "ಅವನು ಏನು ಮಾಡಿದ ಅಂತ ಕೇಳಿದೆ ನಾನು. ನೀನು ಯಾರ ಮಗಳು ಅಂತ ಯಾವತ್ತಾದ್ರೂ ಕೇಳಿದೀನಾ?"

ಅಷ್ಟರಲ್ಲಿ ಮೆಟ್ಟಿಲ ಮೇಲೆ ಕೋಲಿನ ಸದ್ದು ಕೇಳಿಸಿತು, ಅದರ ಹಿಂದೆ ಲೋಟಗಳ ಸದ್ದು. ಚಹದ ಹೊತ್ತು. ಕೊನೆಯ ಪುಟ ಮುಗಿದ ದಿನ ನಾಲ್ವರೂ ಮಹಡಿಯಲ್ಲೇ ಚಹ ಕುಡಿಯುವುದು ಮನೆಯ ರೂಢಿ. ಪುಟ್ಟಿ ಹಾಳೆಯನ್ನು ಎತ್ತಿಕೊಂಡು ಹರಿದುಹಾಕಲು ಹೋದಳು. ಅಪ್ಪ ಅವಳ ಮಣಿಕಟ್ಟು ಹಿಡಿದರು. ಬಿಳಿ ಬಣ್ಣದ ಡಬ್ಬಿ ತೆಗೆದು, ಅವಳು ಬರೆದಿದ್ದ ಎಡದ ಸುಳಿಯ ಮೇಲೆ ದಪ್ಪಗೆ ಹಚ್ಚಿದರು. ಬಾಯಿಂದ ಊದಿ ಒಣಗಿಸಿದರು. ಆಮೇಲೆ ಕುಂಚವನ್ನು ಅವಳ ಬೆರಳಿಗೆ ಸಿಕ್ಕಿಸಿದರು.

"ಮುಸುಕು ಹಾಕು. ಬೇಗ."

"ಅವಸರದಯ್ಯ..."

"ಮುಸುಕಿನ ಕೆಳಗೆ ಇನ್ನೊಂದು ಮುಸುಕಿತ್ತು ಅಂತ ಹೇಳ್ತೀನಿ. ಇನ್ನೊಂದಷ್ಟು ವರ್ಷ ಓಡುತ್ತೆ."

ಪುಟ್ಟಿ ತುಂಬಿದಳು. ಹಣೆ ಹೋಯಿತು, ಹುಬ್ಬು ಹೋಯಿತು, ಮೂಗು ಹೋಯಿತು. ಬಾಗಿಲು ತೆರೆಯುವ ಹೊತ್ತಿಗೆ ಎರಡು ಬಿಳಿ ಕಣ್ಣುತೂತು ಮಾತ್ರ ಉಳಿದಿದ್ದವು.

ಅಮ್ಮ ಚಹ ಇಟ್ಟು, ಹಾಳೆ ನೋಡಿ, ಪುಟ್ಟಿಯನ್ನು ನೋಡಿದಳು. ನಾಲ್ವರೂ ಚಹ ಕುಡಿದು ಮುಗಿಸಿದರು. ಚಿಕ್ಕಪ್ಪ ಲೋಟ ಕೆಳಗಿಟ್ಟು 'ಕೊಡು ಇಲ್ಲಿ' ಎಂದು ಕೈ ಚಾಚಿದರು. ಯಾವತ್ತಿನಂತೆ ಹಾಳೆಯನ್ನು ತೊಡೆಯ ಮೇಲಿಟ್ಟುಕೊಂಡು, ಹೆಬ್ಬೆರಳಿನಿಂದ ಮೆಲ್ಲಗೆ ಸವರುತ್ತ ಹೋದರು. ಗಲ್ಲ ಇರಬೇಕಾದಲ್ಲಿ ನುಣುಪು. ಕೆನ್ನೆ ಇರಬೇಕಾದಲ್ಲಿ ನುಣುಪು. ಹಣೆಯ ಮೇಲೆ, ಎಡಗಡೆ, ಹೆಬ್ಬೆರಳು ನಿಂತಿತು.

"ಇಲ್ಲೇನೋ ತಿದ್ದಿದೀರಿ," ಎಂದರು.

"ಸುಳಿ," ಎಂದರು ಅಪ್ಪ. "ಪುಟ್ಟಿ ಎಡಕ್ಕೆ ಹಾಕಿದ್ಲು. ಎಡಕ್ಕಲ್ಲ ಅಂದೆ."

ಚಿಕ್ಕಪ್ಪನ ಒಂದು ಕೈ ಹಾಳೆಯ ಮೇಲೇ ಇತ್ತು. ಇನ್ನೊಂದು ಕೈ ಅವರಿಗೆ ಗೊತ್ತಿಲ್ಲದೆಯೇ ಮೇಲೆದ್ದಿತು. ಎದ್ದು, ತಮ್ಮದೇ ಹಣೆಯ ಬಲಗಡೆ, ನೆರೆತ ಕೂದಲು ಇನ್ನೂ ಹಟಮಾರಿಯಂತೆ ನಿಂತಿದ್ದ ಜಾಗವನ್ನು ಹುಡುಕಿ ಮುಚ್ಚಿಕೊಂಡಿತು. ಅಮ್ಮ ಕಿಟಕಿಯ ಕಡೆ ಮುಖ ತಿರುಗಿಸಿದಳು. ಅಪ್ಪ ನೋಡುತ್ತಿದ್ದರು. ಅವರು ನೋಡುತ್ತಿರುವುದನ್ನು ಚಿಕ್ಕಪ್ಪ ಕಾಣುವಂತಿರಲಿಲ್ಲ.

"ಒಣಗಿದೆ," ಎಂದರು ಚಿಕ್ಕಪ್ಪ. ಹಣೆಯ ಮೇಲಿಂದ ಕೈ ತೆಗೆದು ಜೇಬಿನಿಂದ ರಬ್ಬರ್ ತೆಗೆದರು.

ಅಪ್ಪ ಬಗ್ಗಿ ಅದನ್ನು ಅವರ ಬೆರಳುಗಳ ನಡುವಿನಿಂದ ಬಿಡಿಸಿಕೊಂಡರು. ಸವೆದು ಹುಣಿಸೆಬೀಜದಷ್ಟಾಗಿತ್ತು.

"ಬಿಡು," ಎಂದರು. "ಇನ್ಮೇಲೆ ಅಳಿಸೋದು ನನ್ನ ಮಗಳು."

ರಬ್ಬರ್ ಪುಟ್ಟಿಯ ಅಂಗೈಗೆ ಬಂತು. ಚಿಕ್ಕಪ್ಪನ ಮೈಯ ಬಿಸಿ ಇನ್ನೂ ಅದರಲ್ಲಿತ್ತು. ಮೂವರೂ ಕಾಯುತ್ತಿದ್ದರು. ಅವಳು ಹಾಳೆಯನ್ನು ಮುಂದಕ್ಕೆ ಎಳೆದುಕೊಂಡು ಗೋಪುರದ ಅಂಚಿನಿಂದ ಅಳಿಸಲು ಶುರುಮಾಡಿದಳು. ಮುಸುಕಿನ ಹತ್ತಿರ ಬಂದಾಗ ಕಿಟಕಿಯ ಬೆಳಕು ಓರೆಯಾಗಿ ಬಿದ್ದು, ಕಪ್ಪಿನ ಕೆಳಗೆ ಸಿಕ್ಕಿಕೊಂಡಿದ್ದ ಪೆನ್ಸಿಲ್ ಗೆರೆಗಳು ಬಲಗಡೆಯ ಸುಳಿಯ ಸಮೇತ ಮಿರುಗಿದವು. ಅವಳು ಅದರ ಮೇಲೂ ಉಜ್ಜಿದಳು, ಹೋಗುವುದಿಲ್ಲವೆಂದು ಗೊತ್ತಿದ್ದೂ ಉಜ್ಜಿದಳು, ಆಮೇಲೆ ಪುಡಿ ಊದಿ ಹಾಳೆಯನ್ನು ಅಕ್ಷರ ಬರೆಯಲು ಅಮ್ಮನ ಕೈಗೆ ಕೊಟ್ಟಳು.